ಎದುರುಮನೆ ವೈನಿಯ ಒಡಪು

ಮೊನ್ನೆ ಸೊಸೆ ಶ್ರೀಖಂಡಕ್ಕೆಂದು ಜಾಯಿಕಾಯಿ ತೇಯುತ್ತಿದ್ದಳು. ಮನೆಯವರೆಲ್ಲ ಅಡಿಗೆಮನೆಯ ಸುತ್ತ ಸುಳಿದಾಡುತ್ತಿದ್ದರೆ, ನಾನು ಆ ವಾಸನೆ ತಾಳದೆ ನನ್ನ ಕೋಣೆಗೆ ಹೋಗಿ ಕೂತೆ. ಪುಣೆಯ ಬಿಬವೇವಾಡಿಯ ಈ ಫ್ಲ್ಯಾಟು ಮರೆತೇ ಹೋಯಿತು. ಸದಾಶಿವ ಪೇಟೆಯಲ್ಲಿ ಹತ್ತಾರು ಸಂಸಾರಗಳಿದ್ದ ಹಳೆಯ ವಾಡೆ, ಮಾಳಿಗೆಯ ನಮ್ಮ ಎರಡು ಕೋಣೆ, ಸಾಣೆಕಲ್ಲು, ಹಾಲಿನ ಬಟ್ಟಲು... ನಿದ್ದೆ ಬಾರದ ಒಬ್ಬ ಹೆಂಗಸಿಗಾಗಿ ನಾನು ಕದ್ದುಮುಚ್ಚಿ ಜಾಯಿಕಾಯಿ ತೇಯುತ್ತಿದ್ದ ದಿನಗಳು ಅವು.

ಎರಡನೇ ಮಹಾಯುದ್ಧದ ಕಾಲ. ಸಕ್ಕರೆಗೂ ಸಾಲು, ಸೀಮೆಎಣ್ಣೆಗೂ ಸಾಲು. ಮದುವೆಯಾಗಿ ಹೊಸದಾಗಿ ಪುಣೆಗೆ ಬಂದಿದ್ದ ನನಗೆ ಮರಾಠಿ ಅಷ್ಟಕ್ಕಷ್ಟೇ. ವಾಡೆಯಲ್ಲಿ ಕನ್ನಡದವರೆಂದರೆ ನಾವು ಮತ್ತು ಅಂಗಳದಾಚೆಯ ಎದುರುಮನೆಯವರು. ಆ ಮನೆಯ ಸೊಸೆ ಧಾರವಾಡದವರು. ಅವರನ್ನು ನಾನು ವೈನಿ ಎನ್ನುತ್ತಿದ್ದೆ. ಅಣ್ಣನ ಹೆಂಡತಿಯೇ ಆಗಬೇಕೆಂದಿಲ್ಲ, ನಮ್ಮ ಕಡೆ ಹಾಗೆ ಕರೆಯುವುದು ರೂಢಿ. ಅವರ ಗಂಡ ಕ್ಯಾಂಪಿನ ಕಚೇರಿಯಲ್ಲಿ ಕಾರಕೂನರು, ತಾವಾಯಿತು ತಮ್ಮ ಕೆಲಸವಾಯಿತು ಎನ್ನುವ ಜಾತಿ. ಅತ್ತೆಯನ್ನು ಇಡೀ ವಾಡೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ಬಿಗಿದ ತುಟಿ, ಎಣಿಸಿ ಆಡುವ ಮಾತು. ಅವರನ್ನು ಕಂಡರೆ ಸೊಸೆಯಲ್ಲದ ನಾನೂ ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ವೈನಿ ಮಾತ್ರ ಮಾತಿನ ಮಲ್ಲಿ. ಒಡಪು ಹೇಳುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಆಗೆಲ್ಲ ಹೆಂಡತಿಯಾದವಳು ಗಂಡನ ಹೆಸರು ಎತ್ತುವಂತಿರಲಿಲ್ಲ. ಅರಿಷಿಣ ಕುಂಕುಮಕ್ಕೆ ಸೇರಿದಾಗ ಮಾತ್ರ ಎಲ್ಲರೂ ಗಂಟುಬಿದ್ದು, ಪ್ರಾಸ ಕಟ್ಟಿಸಿ, ಅದರೊಳಗೆ ಹೆಸರು ಹೇಳಿಸುತ್ತಿದ್ದರು. ಅದೇ ಒಡಪು. ಮರಾಠಿ ಹೆಂಗಸರು ಅರ್ಥವಾಗದಿದ್ದರೂ ವೈನಿಯ ಕನ್ನಡದ ಒಡಪು ಕೇಳಲು ಮುಂದೆ ಬಂದು ಕೂರುತ್ತಿದ್ದರು.

ಒಂದು ಮುಂಜಾನೆ ತಾಮ್ರದ ಕೊಡ ಹೊತ್ತು ಬರುವಾಗ ವೈನಿ ಅಂಗಳದ ಪಾಚಿಯ ಮೇಲೆ ಜಾರಿದರು. ತಲೆಯ ಹಿಂಭಾಗ ಕಲ್ಲಿನ ಮೆಟ್ಟಿಲಿಗೆ ಬಡಿಯಿತು. ಸ್ವಲ್ಪ ಹೊತ್ತು ಎಚ್ಚರವೇ ಇರಲಿಲ್ಲ. ಎದ್ದವರೇ, ಕೊಡ ನೆಗ್ಗಿತೇನು ಎಂದು ಕೇಳಿದರು. ರಕ್ತ ಬಂದಿರಲಿಲ್ಲ, ಹೀಗಾಗಿ ಪೆಟ್ಟೂ ಆಗಿಲ್ಲವೆಂದು ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿದಿದ್ದೆ.

ಆಮೇಲೆ ಶುರುವಾಯಿತು. ರಾತ್ರಿ ನಿದ್ದೆಯಿಲ್ಲ, ಹಗಲು ಅಕ್ಕಿ ಆರಿಸುತ್ತಲೇ ತೂಕಡಿಕೆ. ಸಾರಿಗೆ ಎರಡು ಸಲ ಉಪ್ಪು. ಪಾತ್ರೆ ಬಿದ್ದ ಸದ್ದಿಗೆ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂತುಬಿಡುತ್ತಿದ್ದರು. ಇದು ಸಾಲದೆಂಬಂತೆ ಬೆಳಗಾವಿಯಿಂದ ಕಾಕುವಿನ ಮಗಳು ಬಂದಿಳಿದಳು. ವೈನಿಗೆ ನಾದಿನಿ, ಗಂಡನ ಅಕ್ಕ. ಬಂದವಳು ಹೊರಡುವ ಮಾತೇ ಎತ್ತಲಿಲ್ಲ. ಅವಳ ಗಂಡನ ಕಡೆ ಮದುವೆಗೆ ಬಂದ ಹುಡುಗಿಯೊಬ್ಬಳಿದ್ದಳಂತೆ. ನಲ್ಲಿಯ ಹತ್ತಿರ ನಾನು ನಿಂತಿದ್ದೇನೆ ಎನ್ನುವುದನ್ನೂ ನೋಡದೆ ಒಂದು ದಿನ ತಾಯಿಗೆ ಹೇಳಿದಳು: "ತಲಿ ಕೆಟ್ಟಾಕಿನ್ನ ಎಷ್ಟ ದಿನಾ ಇಟಗೊಂಡ ಕೂಡ್ತಿ? ತವರಿಗೆ ಕಳಸು. ತಮ್ಮಗ ಬ್ಯಾರೆ ಹೆಣ್ಣ ನೋಡೂಣು." ಹೆಂಡತಿ ಇರುವಾಗಲೇ ಇನ್ನೊಂದು ಮದುವೆಯಾಗುವುದನ್ನು ತಡೆಯುವ ಕಾಯಿದೆಯೂ ಆ ಕಾಲದಲ್ಲಿ ಇರಲಿಲ್ಲ. ಕಾಕು ತುಂಬಿದ ಕೊಡ ಎತ್ತಿಕೊಂಡು ಹೋದರು.

ಅಂದಿನಿಂದ ನನಗೂ ನೆಮ್ಮದಿ ಹೋಯಿತು. ವೈನಿ ಪಡಸಾಲೆಯಲ್ಲಿ ತೂಕಡಿಸಿದರೆ ನಾದಿನಿಯ ಕಣ್ಣಿಗೆ ಬೀಳುವ ಮೊದಲೇ ಮಾಳಿಗೆಯಿಂದ ನಾನು ಮರದ ಕಟಾಂಜನವನ್ನು ಬಳೆಯಿಂದ ಮೆಲ್ಲಗೆ ಕುಟ್ಟುತ್ತಿದ್ದೆ. ಅವರು ಬೆಚ್ಚಿ ಕಣ್ಣು ಬಿಟ್ಟು ಮತ್ತೆ ಅಕ್ಕಿಗೆ ಕೈ ಹಾಕುತ್ತಿದ್ದರು. ನಿದ್ದೆಗೆಂದು ವೈದ್ಯರು ಹೇಳಿದ್ದ ಜಾಯಿಕಾಯಿಯನ್ನು ಅವರ ಮನೆಯಲ್ಲಿ ತೇದರೆ ನಾದಿನಿಯ ಮೂಗಿಗೆ ಬಡಿಯುತ್ತಿತ್ತು, ಅದಕ್ಕೇ ನಮ್ಮಲ್ಲಿ.

ಒಂದು ಮಧ್ಯಾಹ್ನ ಹಾಲು ಕುಡಿದು ಬಟ್ಟಲು ಕೆಳಗಿಟ್ಟವರು ಮೆಲ್ಲಗೆ ಕೇಳಿದರು:

"ತಂಗಿ, ಇವರ ಹೆಸರ ಏನು?"

ಚೇಷ್ಟೆ ಎಂದು ನಾನು ನಕ್ಕೆ. ವೈನಿ ನಗಲಿಲ್ಲ. "ಖರೇ ಕೇಳಾಕತ್ತೀನಿ. ಒಮ್ಮೆ ಬರ್ತದ, ಒಮ್ಮೆ ಹೋಗಿಬಿಡ್ತದ. ಗಂಡನ ಹೆಸರ ಏನಂತ ಯಾರನ್ನ ಕೇಳ್ಲಿ?"

ಮನೆಯಲ್ಲಿ ಆ ಹೆಸರು ಕಿವಿಗೆ ಬೀಳುವಂತೆಯೂ ಇರಲಿಲ್ಲ. ಕಾಕು ಮಗನನ್ನು ಮರಾಠಿಯವರಂತೆ ಬಾಳಾ, ಅಂದರೆ ಮಗೂ, ಎನ್ನುತ್ತಿದ್ದರು, ನಾದಿನಿ ತಮ್ಮಾ ಎನ್ನುತ್ತಿದ್ದಳು. ವೈನಿ ಹೆಸರು ಹೇಳುವ ಪ್ರಸಂಗವೇ ಇಲ್ಲದ್ದರಿಂದ ಮರೆತದ್ದು ಯಾರಿಗೂ ಗೊತ್ತಾಗಿರಲಿಲ್ಲ. ನಾನು ಹೆಸರು ಹೇಳಿದೆ. ಅವರು ಮಕ್ಕಳಂತೆ ತುಟಿಯಲ್ಲೇ ಅಂದುಕೊಂಡರು. ಮರುದಿನ ಮತ್ತೆ ಕೇಳಿದರು. ಹಾಲಿನ ಜೊತೆ ಹೆಸರು ಹೇಳಿಕೊಡುವುದೂ ನನ್ನ ಪಾಲಿಗೆ ಬಂತು.

ಅಷ್ಟರಲ್ಲಿ ಚೈತ್ರಗೌರಿಯ ಅರಿಷಿಣ ಕುಂಕುಮ ಬಂತು. ಮಾವಿನಕಾಯಿ ತುರಿದು ಹಾಕಿದ ಕಡಲೆಬೇಳೆಯ ಕೋಸಂಬರಿ, ಪಾನಕ, ವಾಡೆಯ ಹೆಂಗಸರೆಲ್ಲ ಎದುರುಮನೆಯಲ್ಲಿ. ಮೆಟ್ಟಿಲ ಮೇಲೆ ನಾನು ವೈನಿಯ ಕಿವಿಯಲ್ಲಿ ಹೆಸರು ಹೇಳಿಯೇ ಒಳಗೆ ಕಳಿಸಿದ್ದೆ. ಆದರೂ ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಕುಂಕುಮ ಆಯಿತು, ಕೋಸಂಬರಿ ಆಯಿತು. ನಾದಿನಿಯೇ ಬಾಯಿ ತೆಗೆದಳು: "ನಮ್ಮ ತಮ್ಮನ ಹೇಣತಿ ಒಡಪ ಹಾಕಲಿಲ್ಲಲಾ!" ಹೆಂಗಸರೆಲ್ಲ ಹೋ ಎಂದರು.

ವೈನಿ ನಕ್ಕೇ ಶುರುಮಾಡಿದರು. "ಹಸರ ಮಾವಿನಕಾಯಿ, ಹಳದಿ ಕಡ್ಲಿಬ್ಯಾಳಿ, ಗೌರಿ ಮುಂದ ಹೇಳ್ತೀನಿ, ಎಲ್ಲಾರೂ ಕೇಳಿ..."

ಹೆಸರಿನ ಹತ್ತಿರ ಬಂದು ನಿಂತುಬಿಟ್ಟರು. ನಾಚಿಕೆ ಎಂದು ಯಾರೋ ಕಿಸಕ್ಕೆಂದರು. ವೈನಿಯ ಕಣ್ಣು ನನ್ನ ಕಡೆ ತಿರುಗಿತು. ಅಷ್ಟು ಜನರ ನಡುವೆ ನಾನು ಏನು ಮಾಡಲಿ? ನಾದಿನಿ ಮುಂದೆ ಬಾಗಿ ಅವರ ಮುಖವನ್ನೇ ನೋಡತೊಡಗಿದಳು.

ಆಗ ಕಾಕು ಎದ್ದರು. ಬಾಗಿಲಿಗೆ ಹೋಗಿ, ಅಂಗಳದ ಕಡೆ ಮುಖ ಮಾಡಿ, ಮಗನ ಪೂರ್ತಿ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದರು. ಎರಡು ಸಲ. "ಪಾನಕಕ್ಕ ತಂಪ ನೀರ ತಾರೋ!"

"ಅವ್ವಾ, ಅಂವಾ ಕಚೇರಿಗೆ ಹೋಗ್ಯಾನಲಾ!" ಎಂದಳು ಮಗಳು.

"ಹೌದಲಾ... ನನಗ ಮರವು ಭಾಳ ಆಗೇದ ನೋಡ್ರಿ," ಎಂದು ಕಾಕು ಬಂದು ಕೂತರು. ಹೆಂಗಸರೆಲ್ಲ ನಕ್ಕರು. ಆ ನಗುವಿನ ನಡುವೆಯೇ ವೈನಿ ಒಡಪು ಮುಗಿಸಿದರು, ಹೆಸರು ಸಮೇತ.

ಕಾಕುವಿಗೆ ಎಲ್ಲ ಗೊತ್ತಿತ್ತು. ಪೂಜೆಯಲ್ಲಿ ಗಂಟೆ ಬಾರಿಸುವುದನ್ನು ಅವರು ಎಂದೋ ಬಿಟ್ಟಿದ್ದು ಸದ್ದು ತಾಳದ ಸೊಸೆಗಾಗಿಯೇ ಎಂದು ಆಗ ನನಗೆ ಹೊಳೆಯಿತು. ಅಲ್ಲಿಂದ ಮುಂದೆ ಆ ಮನೆಯ ಮರೆವನ್ನೆಲ್ಲ ಕಾಕು ತಮ್ಮ ಮೇಲೆ ಹಾಕಿಕೊಂಡರು. ಸಾರು ಉಪ್ಪಾದರೆ ಹಾಕಿದವರು ತಾವೇ ಎನ್ನುವರು. ಹಾಲು ಉಕ್ಕಿದರೂ ತಾವೇ. ಇಷ್ಟು ದಿನ ಅವರನ್ನು ಕಲ್ಲೆಂದು ತಿಳಿದಿದ್ದೆನಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ಆದರೆ ಅವರ ಮಾತನ್ನು ಮಗಳು ನಂಬಿಯೇ ಬಿಟ್ಟಳು. ಅವ್ವನಿಗೆ ಅರಳುಮರಳು, ಇಲ್ಲಿ ನೋಡಿಕೊಳ್ಳುವವರಿಲ್ಲ ಎಂದು ಬೆಳಗಾವಿಗೆ ಕರೆದೊಯ್ಯಲು ಸ್ಟೇಶನ್ನಿಗೆ ಟಾಂಗಾ ತರಿಸಿದಳು. ಕಾಕು ಒಲ್ಲೆ ಎನ್ನಲಿಲ್ಲ. ಒಲ್ಲೆ ಎಂದರೆ ಮರೆವು ಯಾರದೆಂದು ಹೇಳಬೇಕಾಗುತ್ತಿತ್ತು. ಹತ್ತುವ ಮೊದಲು ನನ್ನ ಕೈ ಹಿಡಿದರು. "ಅಕಿಗೆ ಹೆಸರ ಹೇಳಿ ಕೊಡಕೋತ ಇರವಾ," ಎಂದರು.

ಹೇಳಿಕೊಡುತ್ತಿದ್ದೆ. ಮುಂದೆ ನಮ್ಮವರಿಗೆ ಸೊಲ್ಲಾಪುರಕ್ಕೆ ವರ್ಗವಾಯಿತು. ತಿರುಗಿ ಬರುವಷ್ಟರಲ್ಲಿ ಎದುರುಮನೆಯಲ್ಲಿ ಬೇರೆ ಸೊಸೆ ಇದ್ದಳು. ವೈನಿಯನ್ನು ಧಾರವಾಡಕ್ಕೆ ಕಳಿಸಿದರು ಎಂದರು, ಅಷ್ಟೇ... ಆ ಮನೆಯ ಬಾಗಿಲಿಗೆ ನಾನು ಮತ್ತೆ ಹೋಗಲಿಲ್ಲ.

ಮೊನ್ನೆ ಶ್ರೀಖಂಡದ ಊಟಕ್ಕೆ ಬಂದವರಲ್ಲಿ ಧಾರವಾಡದ ಒಬ್ಬ ಅಜ್ಜಿ ಇದ್ದರು. ಮಾತಿಗೆ ಮಾತು ಬಂದು ನೋಡಿದರೆ ವೈನಿಯ ತವರಿನ ಓಣಿಯವರೇ. ಹಾಗೆ ಪುಣೆಯಿಂದ ತಿರುಗಿ ಬಂದ ಹೆಣ್ಣುಮಗಳು ಯಾರಾದರೂ ಇದ್ದರೇ, ಇದ್ದಾರೆಯೇ ಎಂದು ಕೇಳಿದೆ. ಗಂಡನ ಹೆಸರನ್ನೂ ಹೇಳಿದೆ.

"ಅದು ಅಳ್ಯಾಂದ ಹೆಸರಾತ್ರಿ. ಹುಡುಗೀದ ಹೇಳ್ರಿ, ಗೊತ್ತ ಹಿಡೀತೀನಿ," ಎಂದರು ಅಜ್ಜಿ.

ಬಾಯಿ ತೆರೆದೆ. ನನಗೆ ವೈನಿ, ಕಾಕುವಿಗೆ ಹುಡುಗಿ, ಗಂಡನಿಗೆ ಬರಿಯ "ಏ, ಕೇಳಿಸ್ತೇನು". ಅವರನ್ನು ಹೆಸರು ಹಿಡಿದು ಕರೆದವರು ಆ ವಾಡೆಯಲ್ಲಿ ಯಾರೂ ಇರಲಿಲ್ಲ. ಅಜ್ಜಿ ನನ್ನ ಮುಖವನ್ನೇ ನೋಡುತ್ತ ಕಾದರು. ನಾನು ಆ ಗಂಡಸಿನ ಹೆಸರನ್ನೇ ಇನ್ನೊಮ್ಮೆ ಹೇಳಿದೆ.