ನನ್ನ ಸರದಿಗೆ ಬರುತ್ತಿದ್ದ ಕಾಮಿಕ್ಸ್

ಒಣ ಸೀಗಡಿಯ ವಾಸನೆ ಬಂದರೆ ಬೇರೆಯವರಿಗೆ ಹಸಿವಾಗುತ್ತದೆ. ನನಗೆ ಈಗಲೂ ಸಿಟ್ಟು ಬರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಕುಕ್ಕುಂದೂರಿನ ನಮ್ಮ ಮನೆಗೆ ಉಚ್ಚಿಲದಿಂದ ಬರುತ್ತಿದ್ದ ಮಾಮ ಒಂದೇ ಚೀಲದಲ್ಲಿ ಮನೆಗೆ ಸೀಗಡಿಯನ್ನೂ ನನಗೆಂದು ಕಾಮಿಕ್ಸನ್ನೂ ತುಂಬಿಕೊಂಡು ಬರುತ್ತಿದ್ದರು. ನನಗೆಂದು! ಹೇಳಿಕೊಳ್ಳಲಿಕ್ಕೆ ಮಾತ್ರ. ಹಾರುವ ಆಮೆಯ ಮೇಲೆ ಕೂತು ರಾಕ್ಷಸರನ್ನು ಹುಡುಕಿಕೊಂಡು ಹೋಗುವ, ರಾಕ್ಷಸ ಎದುರಾದ ಕೂಡಲೇ ಆ ಆಮೆಯ ಹಿಂದೆಯೇ ಅಡಗುವ ಒಬ್ಬ ಪುಕ್ಕಲ ವೀರನ ಕಥೆ ಅದು. ಮಕ್ಕಳಿಗಾಗಿ ಎಂದು ಮುಖಪುಟದಲ್ಲೇ ದೊಡ್ಡದಾಗಿ ಅಚ್ಚಾಗಿರುತ್ತಿತ್ತು. ನಮ್ಮ ಮನೆಯ ದೊಡ್ಡವರ ಕಣ್ಣಿಗೆ ಅದೊಂದು ಬಿಟ್ಟು ಉಳಿದದ್ದೆಲ್ಲ ಕಾಣುತ್ತಿತ್ತು.

ಸಂಜೆಯ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೆ ನಾವು ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಬೇಡುವುದು ವಯಸ್ಸಿನ ಕ್ರಮದಲ್ಲಿ. ಮೊದಲು ಅಜ್ಜಿ, ಅಂದರೆ ನಮ್ಮ ಮಾಂಯ್. ಆಮೇಲೆ ಪಪ್ಪ, ಮಮ್ಮಿ, ಅಣ್ಣ. ಯಾವ ಪುಣ್ಯಾತ್ಮರಿಗೆ ಹೊಳೆಯಿತೋ ಏನೋ, ಕಾಮಿಕ್ಸಿಗೂ ಅದೇ ಸಾಲು ಆಯಿತು, ಎಲ್ಲರ ಕೊನೆಗೆ ನಾನು. ಮಾಂಯ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಶಾಲೆಯಲ್ಲಿ ಬೆತ್ತ ಹಿಡಿದು ಓಡಾಡುವ ಪಪ್ಪ, "ಇದೆಂತ ಪುಸ್ತಕ, ತಲೆ ಇಲ್ಲ ಬುಡ ಇಲ್ಲ" ಎಂದು ಗೊಣಗುತ್ತಲೇ ಕೊನೆಯ ಪುಟದವರೆಗೂ ಕೆಳಗಿಡುತ್ತಿರಲಿಲ್ಲ. ಮಮ್ಮಿ ಒಲೆಯ ಮುಂದೆ ಓದುತ್ತ ಗಂಜಿ ಉಕ್ಕಿಸುತ್ತಿದ್ದರು. ಓದಿ ಸುಮ್ಮನಿದ್ದರೆ ಆಗಿತ್ತು. ಊಟಕ್ಕೆ ಕೂತಲ್ಲಿ ಕಥೆಯ ಕೊನೆಯನ್ನೇ ಹೇಳಿಕೊಂಡು ನಗಬೇಕಾ? ಕೊನೆ ಗೊತ್ತಿಲ್ಲದ ಒಂದೇ ಒಂದು ಕಾಮಿಕ್ಸನ್ನು ಓದಬೇಕು ಎಂಬುದು ಆಗ ನನಗಿದ್ದ ಅತಿ ದೊಡ್ಡ ಆಸೆ.

ಮಾಂಯ್ ಹಾಸಿಗೆ ಹಿಡಿದು ಕಣ್ಣೂ ಮಂಜಾದಾಗ ಆ ಕಾಲ ಬಂತು. "ನನಗೆ ಅಕ್ಷರ ಕಾಣುವುದಿಲ್ಲ ಬಾಯೆ. ನೀನೇ ಮೊದಲು ಓದು, ನನಗೆ ಕೇಳುವ ಹಾಗೆ ಓದು" ಎಂದರು. ಮಂಚದ ಪಕ್ಕ ಕೂತು ಓದಿದೆ. ರಾಕ್ಷಸ ಆಮೆಯನ್ನು ಗುಳುಂ ಎಂದು ನುಂಗಿದ. ಇನ್ನು ಪುಟ ತಿರುಗಿಸಬೇಕು, ಅಷ್ಟರಲ್ಲಿ ಕಣ್ಣು ಮುಚ್ಚಿ ಮಲಗಿದ್ದ ಮಾಂಯ್, "ಆಮೆ ಹೊಟ್ಟೆಯೊಳಗೇ ಹಾರ್ತದೆ ನೋಡು. ರಾಕ್ಷಸನೂ ಒಟ್ಟಿಗೆ ಮೇಲೆ ಹೋಗ್ತಾನೆ, ಅಲ್ವಾ?" ಎಂದರು. ತಿರುಗಿಸಿದೆ. ರಾಕ್ಷಸ ಕೈಕಾಲು ಬಡಿಯುತ್ತ ಮೋಡದಲ್ಲಿ ತೇಲುತ್ತಿದ್ದ! ನನಗೆ ಅಳುವೇ ಬಂತು.

"ಓದದೆಯೂ ಹೇಳ್ತೀರಲ್ಲ ಮಾಂಯ್! ನಿಮ್ಮಿಂದ ಸಾಕಾಗಿ ಹೋಯ್ತು ನನಗೆ!"

ಅವರು ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಮಾಮ ತಂದ ಕಾಮಿಕ್ಸಿಗೆ ಅವರು ಇರಲಿಲ್ಲ.

ಅವರ ಹಿಂದೆ ಪಪ್ಪ, ಮಮ್ಮಿ ಹೋದರು, ಕಳೆದ ವರ್ಷ ಅಣ್ಣನೂ ಹೋದ. ಮೊನ್ನೆ ಮೊಮ್ಮಗಳು ಉಡುಪಿಯಿಂದ ಹೊಸ ಕಾಮಿಕ್ಸ್ ತಂದಳು. ಮನೆಯ ಕ್ರಮ ಈಗಲೂ ಉಂಟಲ್ಲ, ಮುಖ ಊದಿಸಿಕೊಂಡು ಮೊದಲು ನನ್ನ ಕೈಗೇ ಕೊಟ್ಟಳು. ನುಣ್ಣಗಿನ ಹಾಳೆ, ಯಾವ ವಾಸನೆಯೂ ಇಲ್ಲ. ಕೊನೆ ಏನೆಂದು ಯಾರೂ ಹೇಳಿಲ್ಲ; ಹೇಳುವುದಕ್ಕೆ ಸಾಲಿನಲ್ಲಿ ನನ್ನ ಮುಂದೆ ಯಾರೂ ಇಲ್ಲ. ಇದಕ್ಕೇನಾ ಮಾರಾಯ್ರೆ, ನಾನು ಅಷ್ಟು ಅವಸರ ಮಾಡಿದ್ದು?