ಜೆಲ್ಲಿಯ ಕೆಳಗೆ ಮಗಳ ಕೈ

ಸುಟ್ಟ ಕೈಗೆ ಬಟ್ಟೆ ಸುತ್ತುತ್ತಾರೆ ಎಂದುಕೊಂಡಿದ್ದೆ. ದಾವಣಗೆರೆಯ ಡಾಕ್ಟರು ಮಗಳ ಮುಂಗೈ ಮೇಲೆ ತಣ್ಣಗಿನ ಜೆಲ್ಲಿಯ ಹಾಳೆಯೊಂದನ್ನು ಹಾಸಿಬಿಟ್ಟರು. ತಾಟಿನುಂಗಿನ ಹಾಗೆ ನುಣ್ಣಗೆ, ಒಳಗಿನ ಕೆಂಪು ಮಾಂಸವೆಲ್ಲ ಕಾಣುವಂತೆ. ನಾನು ಮುಖ ತಿರುಗಿಸಿದೆ.

“ಹೊಸದಾಗಿ ಬಂದಿದೆಯಮ್ಮ. ಇದರಲ್ಲಿರೋ ಬೆಳ್ಳಿ ಕ್ರಿಮಿಗಳನ್ನ ಸಾಯಿಸುತ್ತೆ. ಗಾಯ ಒಣಗಬಾರದು, ತೇವವಾಗಿಯೇ ಇರಬೇಕು. ಸೋಮವಾರದ ತನಕ ಮುಟ್ಟಬೇಡಿ. ಜ್ವರ ಬಂದರೆ, ಕೈ ಊದಿಕೊಂಡರೆ ಮಾತ್ರ ಓಡಿ ಬನ್ನಿ,” ಎಂದರು.

ಗಂಡನಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಪುತ್ತೂರಿನಿಂದ ಕೊಟ್ಟೂರಿಗೆ ಬಂದು ಆಗ ಎರಡು ತಿಂಗಳು. ನಮ್ಮಲ್ಲಿ ಮಳೆಗಾಲವೆಲ್ಲ ಬಟ್ಟೆ ಒಣಗದೆ ಮುಗ್ಗಲು ವಾಸನೆ. ಇಲ್ಲಿ ಸೀರೆ ಹರವಿ ತಿರುಗುವಷ್ಟರಲ್ಲಿ ಗರಿಗರಿ. “ಬರ್ರಿ” ಎಂದು ಗಟ್ಟಿಯಾಗಿ ಕರೆದರೂ ಬೈದರೇನೋ ಎಂದು ಬೆಚ್ಚುತ್ತಿದ್ದೆ. ಅಷ್ಟರಲ್ಲಿ ಮಗು ಬಿಸಿನೀರಿನ ಹಂಡೆಗೆ ಕೈ ಅದ್ದಿತ್ತು.

“ಹಸಿ ಇಟ್ರ ಗಾಯ ಕೊಳಿತೈತ್ರಿ. ಒಣಗಬೇಕು. ತಗೀರಿ ಅದನ್ನ, ಈಬತ್ತಿ ಹಚ್ಚೂನು,” ಎಂದು ನಾವು ಆಸ್ಪತ್ರೆಯಿಂದ ಮರಳಿದ ಸಂಜೆ ಮನೆಯೊಡತಿ ಕೊಟ್ರವ್ವ ವಿಭೂತಿಗಟ್ಟಿ ಹಿಡಿದು ಬಂದರು.

“ಬೇಡ! ಮುಟ್ಟಬೇಡಿ!” ಎಂದು ಕಿರುಚಿದೆ. ಅವರು ಗಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟುಹೋದರು.

ಮರುದಿನದಿಂದ ಯಾರೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ಬೆಳಗಾದರೆ ಓಣಿಯಿಂದ ನುಗ್ಗಿ ಕೆಮ್ಮಿಸುತ್ತಿದ್ದ ಮೆಣಸಿನಕಾಯಿಯ ಘಾಟೂ ಇಲ್ಲ. ಇತ್ತ ಜೆಲ್ಲಿ ಬೆಳ್ಳಗಾಗಿ ಉಬ್ಬತೊಡಗಿತು. ಕೀವೇ ಇರಬೇಕು! ಗಳಿಗೆಗೊಮ್ಮೆ ಹಣೆ ಮುಟ್ಟಿ ನೋಡುತ್ತಿದ್ದೆ.

“ಕೈ ಹೋದರೆ ಎಂತ ಮಾಡುವುದು?” ಎಂದೆ ಗಂಡನಿಗೆ.

“ಸುಮ್ಮನಿರು ಮಾರಾಯ್ತಿ, ಜ್ವರ ಇಲ್ಲವಲ್ಲ,” ಎಂದರು. ಮತ್ತೆ ತಾವೇ ಹೋಗಿ ಅವಳ ಹಣೆ ಮುಟ್ಟಿ ನೋಡಿದರು.

ಒಬ್ಬಳೇ ಹೆದರಿ ಹೆದರಿ ಸಾಕಾಗಿ ಒಂದು ಮಧ್ಯಾಹ್ನ ಕೊಟ್ರವ್ವನ ಬಾಗಿಲಲ್ಲಿ ನಿಂತೆ. ಅವರು ಉಣ್ಣುತ್ತಿದ್ದರು. ರೊಟ್ಟಿಯ ಜೊತೆ ಬರೀ ಬೇಯಿಸಿದ ಬೇಳೆ.

“ನನ್ನ ಮೇಲೆ ಸಿಟ್ಟಾ?”

“ಸಿಟ್ಟ್ಯಾಕವ್ವಾ? ಒಗ್ಗರಣಿ ವಾಸನಿ ಬಡದ್ರ ಸುಟ್ಟ ಗಾಯ ನಂಜಾಗ್ತೈತಿ. ಕೂಸಿನ ಕೈ ವಾಸಿ ಆಗೋತನಕ ಯಾರೂ ಒಗ್ಗರಣಿ ಹಾಕಬ್ಯಾಡ್ರಿ, ಹೊರಗಿನ ನೆಳ್ಳು ಬೀಳಬಾರ್ದು, ಆ ಮನಿಗೆ ಹೋಗಬ್ಯಾಡ್ರಿ ಅಂತ ಓಣಿಗೆಲ್ಲ ನಾನಽ ಹೇಳೀನಿ. ನಿಮ್ಮ ಆ ಜೆಲ್ಲಿ ಮ್ಯಾಲೆ ನಂಗೇನು ನಂಬಿಕಿ ಇಲ್ಲ ನೋಡ್ರಿ.”

ಅಯ್ಯೋ ದೇವರೇ! ಆ ಓಣಿಯಲ್ಲಿ ಅಷ್ಟು ದಿನವೂ ಚಟಚಟ ಸಾಸಿವೆ ಸಿಡಿಸಿದವಳು ಹೆತ್ತ ತಾಯಿ ನಾನೊಬ್ಬಳೇ. ಅಲ್ಲೇ ಕೂತು ಅತ್ತುಬಿಟ್ಟೆ.

ಸೋಮವಾರ ಡಾಕ್ಟರು ಹಾಳೆ ಎತ್ತಿದರು. ಚರ್ಮಕ್ಕೆ ಅಂಟದೆ ಸಲೀಸಾಗಿ ಬಂತು. ಆ ಬಿಳುಪು ಕೀವಲ್ಲವಂತೆ, ಗಾಯದ ನೀರು ಹೀರಿ ಜೆಲ್ಲಿ ಉಬ್ಬಿದ್ದಂತೆ. ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ. ನಡುವೆ ಮಾತ್ರ ಇನ್ನೂ ಹಸಿ. ಇನ್ನೊಂದು ಹಾಳೆ ಹಾಕಿದರು. ನನ್ನ ಭಯವೂ ಇನ್ನೊಂದು ವಾರಕ್ಕೆ ಮುಂದುವರಿಯಿತು.

ಸಂಜೆ ಎಸ್‌ಟಿಡಿ ಬೂತಿನಿಂದ ಅಮ್ಮನಿಗೆ ಫೋನ್ ಮಾಡಿದೆ. “ಆ ಊರಲ್ಲಿ ನಿಮಗೆ ಯಾರಿದ್ದಾರೆ? ಮಗುವನ್ನು ಕರ್ಕೊಂಡು ಬಂದುಬಿಡು,” ಎಂದಳು. ಆ ದನಿ ಕೇಳಿದ್ದೇ ತಡ, ಈಗಲೇ ಬಸ್ಸು ಹತ್ತಬೇಕೆನಿಸಿತು. ಬಾಯಲ್ಲಿ ಬಂದದ್ದೇ ಬೇರೆ.

“ಈಗ ಹೇಗೆ ಬರುವುದಮ್ಮ? ಇಲ್ಲಿ ಇವಳಿಗೋಸ್ಕರ ಓಣಿಯೇ ಸಪ್ಪೆ ಉಣ್ಣುತ್ತಾ ಉಂಟು.”