ಮೂಗಿನ ತುದಿಯ ಕಣ್ಣು

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಸೋಡಾಬುಡ್ಡಿ ಎಂದು. ಕನ್ನಡಕದ ಗಾಜು ಅಷ್ಟು ದಪ್ಪ. ಅದು ಮೂಗಿನ ಮೇಲಿಲ್ಲದಿದ್ದರೆ ಅವನಿಗೆ ಬಸ್ಸೂ ಒಂದೇ, ಎಮ್ಮೆಯೂ ಒಂದೇ.

ಆದರೆ ಒಡವೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಉಂಗುರಕ್ಕೆ ಹರಳು ಕೂರಿಸುವ ಮೇಜಿನ ಮುಂದೆ ಕುಳಿತನೆಂದರೆ ಅವನು ಚಕ್ರವರ್ತಿ. ಕೂತೊಡನೆ ಕನ್ನಡಕವನ್ನು ಹಣೆಗೇರಿಸುತ್ತಿದ್ದ. ಉಂಗುರವನ್ನು ಮೂಗಿನ ತುದಿಗೆ ತಂದು, ಹರಳನ್ನು ಹಿಡಿದಿಡುವ ಸಾಸಿವೆಯಷ್ಟು ಚಿನ್ನದ ಉಗುರುಗಳನ್ನು ಬರಿಗಣ್ಣಲ್ಲೇ ಬಗ್ಗಿಸುತ್ತಿದ್ದ. ಬೇರೆಯವರಾದರೆ ಭೂತಗನ್ನಡಿ ಕಟ್ಟಿಕೊಂಡು ತಿಣುಕಬೇಕು.

"ಕೈಗುಣ ಕಣ್ರೋ, ಕೈಗುಣ," ಎಂದು ಬೀಗುತ್ತಿದ್ದ. ಗುಣವಿದ್ದದ್ದು ಕೈಯಲ್ಲಲ್ಲ, ದೂರಕ್ಕೆ ಕೆಟ್ಟು ಹತ್ತಿರಕ್ಕೆ ಹದವಾಗಿದ್ದ ಆ ಕಣ್ಣಲ್ಲಿ. ಪಾಪ, ಅದು ಅವನಿಗೇ ಗೊತ್ತಿರಲಿಲ್ಲ.

ಇರಲಾರದೆ ಇರುವೆ ಬಿಟ್ಟುಕೊಂಡದ್ದು ಹೀಗೆ. ಸಂತೆಯ ನೂಕುನುಗ್ಗಲಲ್ಲಿ ಯಾರದೋ ಮೊಣಕೈ ತಾಗಿ ಕನ್ನಡಕ ಹಾರಿತು. ನಮ್ಮ ವೀರ ಧೃತಿಗೆಡದೆ ಪಕ್ಕದಲ್ಲಿದ್ದ ಹೆಂಡತಿಯ ಕೈ ಹಿಡಿದು, "ನಡಿಯೇ ಮನೆಗೆ," ಎಂದ. ಕೈ ಹೆಂಡತಿಯದಾಗಿರಲಿಲ್ಲ. ಆ ಕೈಯಲ್ಲಿದ್ದ ತರಕಾರಿ ಚೀಲ ಅವನ ಕಪಾಳಕ್ಕೆ ಬಿತ್ತು. ಹಿಂದೆಯೇ ನಿಂತು ಎಲ್ಲವನ್ನೂ ಕಂಡ ನಿಜವಾದ ಹೆಂಡತಿ ಅವನ ತೋಳು ಹಿಡಿದು ಮನೆಗೆ ಎಳೆದೊಯ್ದಳು.

ಅವಳ ತಮ್ಮನಿಗೆ ಮಾತ್ರ ಹಬ್ಬ. "ಭಾವ, ಲೇಸರ್ ಮಾಡಿಸ್ಕೊಂಡ್ಬಿಡಿ. ಕೂತು ಏಳೋದ್ರೊಳಗೆ ಹದ್ದಿನ ಕಣ್ಣು ಬರುತ್ತೆ. ಆಮೇಲೆ ಕೈ ಹಿಡಿಯೋದಾದ್ರೆ ನೋಡಿ, ಆರಿಸಿ ಹಿಡೀಬಹುದು!"

ಕಣ್ಣಿನ ಆಸ್ಪತ್ರೆಯಲ್ಲಿ ಗಲ್ಲವನ್ನು ಯಂತ್ರಗಳ ಮೇಲೆ ಊರಿಸಿ, ಕಣ್ಣೊಳಗೆ ಬೆಳಕು ಬಿಟ್ಟು ಅಳೆದರು. ಕೊನೆಗೆ ಡಾಕ್ಟರಮ್ಮ ಕೇಳಿದರು, "ಏನು ಕೆಲಸ ಮಾಡ್ತೀರಿ?"

ಹರಳು ಕೂರಿಸ್ತೀನಿ ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಆ ಬೆಳ್ಳನೆಯ ಕೋಣೆಯಲ್ಲಿ, ನಗುತ್ತಾ ನಿಂತ ಭಾವಮೈದುನನ ಎದುರಲ್ಲಿ, ಅದು ಯಾಕೋ ಸಣ್ಣದೆನಿಸಿತು.

"ಒಡವೆ ವ್ಯಾಪಾರ," ಎಂದ.

"ಹಾಗಾದ್ರೆ ಸರಿ, ದೂರದ್ದು ಚೆನ್ನಾಗಿ ಕಾಣುತ್ತೆ. ಆದ್ರೆ ನಿಮ್ಮ ವಯಸ್ಸಿಗೆ ಹತ್ತಿರದ್ದು ಮಸುಕಾಗುತ್ತೆ, ಅದಕ್ಕೆ ಬೇರೆ ಕನ್ನಡಕ ಬೇಕು. ಒಂದ್ಸಲ ಮಾಡಿದ್ಮೇಲೆ ಮೊದಲಿನ ಕಣ್ಣು ವಾಪಸ್ ಬರಲ್ಲ. ಹತ್ತಿರ ಹಿಡಿದು ನೋಡೋ ಕೆಲಸ ಏನಾದ್ರೂ ಇದ್ರೆ ಈಗಲೇ ಹೇಳಿ."

"ರೀ, ಅಂಗಡೀಲಿ ನೀವು..." ಎಂದು ಹೆಂಡತಿ ಬಾಯಿ ತೆರೆದಳು. ನಮ್ಮ ವ್ಯಾಪಾರಿ ಮೇಜಿನ ಕೆಳಗೆ ಅವಳ ಕಾಲು ಅದುಮಿದ.

"ನಾನು ಪೇಪರೂ ಓದಲ್ಲ ಮೇಡಂ," ಎಂದು ನಕ್ಕ.

ಲೇಸರ್ ದಂಡಯಾತ್ರೆಯ ದಿನ ಅವನನ್ನು ಅಂಗಾತ ಮಲಗಿಸಿದರು. ಹನಿ ಬಿಟ್ಟಾಗ ಕಣ್ಣು ಜೋಮು ಹಿಡಿಯಿತು. ರೆಪ್ಪೆ ಮುಚ್ಚದಂತೆ ತಂತಿಯ ಕೊಂಡಿ ಸಿಕ್ಕಿಸಿದರು. ನೋವಿರಲಿಲ್ಲ. ಯಾರೋ ಹೆಬ್ಬೆರಳಿನಿಂದ ಕಣ್ಣುಗುಡ್ಡೆಯನ್ನು ಒತ್ತಿದಂತಾಯಿತು, ಲೋಕವೆಲ್ಲ ಕಪ್ಪಾಯಿತು. ಮತ್ತೆ ಬೆಳಕು ಬಂದಾಗ ಮೇಲೊಂದು ಹಸಿರು ಚುಕ್ಕೆ ಕಾಣಿಸಿತು.

"ಅದನ್ನೇ ನೋಡ್ತಾ ಇರಿ, ಅಲ್ಲಾಡಬೇಡಿ."

ಚಟಚಟ ಸದ್ದು. ಕೂದಲು ಸುಟ್ಟಂಥ ವಾಸನೆ. ಸುಡುತ್ತಿರುವುದು ಏನು ಎಂದು ಕೇಳೋಣವೆಂದುಕೊಂಡ. ಅಷ್ಟರಲ್ಲಿ, "ಮುಗೀತು, ಏಳಿ," ಎಂದರು.

ಆ ದಿನವೆಲ್ಲ ಕಣ್ಣಲ್ಲಿ ಮರಳು ಹೊಕ್ಕಂತೆ ಉರಿ, ನೀರು. ಮರುದಿನ ಬೆಳಿಗ್ಗೆ ಎದುರು ಬೀದಿಯ ಕಂಬದ ಮೇಲಿದ್ದ ಕಾಗೆಯ ಕೊಕ್ಕು ಕಂಡಿತು! ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿ, "ಅರೆ, ಕಿವಿ ಹತ್ರ ಕೂದಲು ಬೆಳ್ಳಗಾಗಿದೆಯಲ್ಲೇ!" ಎಂದ.

"ಇದನ್ನ ಹೇಳೋಕೆ ಕಣ್ಣು ಸುಡಿಸ್ಕೊಂಡು ಬಂದ್ರಾ?" ಎಂದಳು.

ತಟ್ಟೆಯಲ್ಲಿನ ಅನ್ನ ಮಾತ್ರ ಹತ್ತಿಯಂತೆ ಕಂಡಿತು. ಹೊಸ ಕಣ್ಣು, ಪಳಗಬೇಕು ಎಂದುಕೊಂಡು ಸುಮ್ಮನಾದ.

ಉರಿ ಆರಿದ ಮೇಲೆ ಅಂಗಡಿಗೆ ಹೋದ. ಯಜಮಾನರು ಪಚ್ಚೆಯ ಹರಳೊಂದನ್ನೂ ಅದರ ಉಂಗುರವನ್ನೂ ಕೈಗಿಟ್ಟರು. "ಇದು ಭಾರಿ ಪುಕ್ಕಲು ಹರಳು, ಒತ್ತಡ ತಡೆಯಲ್ಲ. ಬೇರೆ ಯಾರ ಕೈಗೂ ಕೊಡಲಿಲ್ಲ, ನಿನಗೇ ಕಾಯ್ತಿದ್ದೆ."

ಅವನು ಹರಳಿಟ್ಟ ಉಂಗುರವನ್ನು ಮೂಗಿನ ತುದಿಗೆ ತಂದ. ಹಸಿರು ಮಂಜು. ಕೊಂಚ ದೂರ ಹಿಡಿದ. ಮಂಜೇ. ತೋಳು ಚಾಚುವಷ್ಟು ಚಾಚಿದಾಗ ಉಂಗುರ ಸ್ಪಷ್ಟವಾಯಿತು, ಆದರೆ ಅಷ್ಟು ದೂರದಲ್ಲಿ ಚಿನ್ನದ ಉಗುರುಗಳು ಕಾಣಲಿಲ್ಲ. ಪಕ್ಕದ ಮೇಜಿನವನು ತನ್ನ ಭೂತಗನ್ನಡಿಯನ್ನು ಇತ್ತ ಸರಿಸಿದ. ಅದರೊಳಗೆ ಉಗುರುಗಳೇನೋ ಕಂಡವು, ಆದರೆ ಪಳಗದ ಗಾಜಿನಲ್ಲಿ ಕಣ್ಣು ಒಂದು ಕಡೆ, ಕೈ ಒಂದು ಕಡೆ.

"ಸ್ವಲ್ಪ ದಿನ ಬಿಟ್ಟು ಮಾಡೋಣ್ವಾ?" ಎಂದು ಯಜಮಾನರು ಬಾಗಿಲ ಬಳಿಯಿಂದ ಕೇಳಿದರು.

"ಕೈಗುಣ ಎಲ್ಲಿ ಹೋಗುತ್ತೆ ಯಜಮಾನ್ರೇ?" ಎಂದ.

ಉಗುರು ಬಗ್ಗಿಸುವ ಉಕ್ಕಿನ ಕಡ್ಡಿಯನ್ನು ಅಂದಾಜಿನ ಮೇಲೆ ಇಟ್ಟು ಒತ್ತಿದ.

ಟಕ್ ಎಂದಿತು. ಹರಳು ಬಿರಿದದ್ದು ಬೆರಳಿಗೆ ಗೊತ್ತಾಯಿತು. ಆದರೂ ತಲೆಯೆತ್ತಿ ನೋಡಿದ. ಕೋಣೆಯ ಆ ತುದಿಯಲ್ಲಿ ಯಜಮಾನರ ಮುಖ ಬಣ್ಣಗೆಡುತ್ತಿತ್ತು. ಹುಬ್ಬಿನ ಒಂದೊಂದು ಕೂದಲೂ ಅವನಿಗೆ ನಿಚ್ಚಳವಾಗಿ ಕಾಣಿಸಿತು.